ಕೆಲಸ ತಿದ್ದುವ ಮಾತು, ಮನುಷ್ಯನನ್ನು ಮುರಿಯುವ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಮೊದಮೊದಲ ತಂಡಗಳ ವಿದ್ಯಾರ್ಥಿ. ನಮ್ಮ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಇತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಅದು ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಸೋದರಮಾವ ಇಲ್ಲಿ ಮಗ್ಗದ ಕೆಲಸಕ್ಕೆ ಇದ್ದರು. ಅವರ ಮನೆಯಲ್ಲಿದ್ದುಕೊಂಡು ಕಲಿತೆ. ಆಗ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಗುಡಿಯ ಪೌಳಿಯಲ್ಲಿ ಎರಡು ವರ್ಗ, ಬೇವಿನ ಗಿಡದ ಕೆಳಗೆ ಒಂದು ವರ್ಗ. ಗೋಡೆಯ ಆಚೆ ದಿನವಿಡೀ ಪಾವರ್‌ಲೂಮಿನ ಸದ್ದು. ಆ ಸದ್ದನ್ನು ಮೀರಿ ಪಾಠ ಹೇಳಿದ ಗುರುಗಳ ಗಂಟಲಿಗೆ ನಾವು ಯಾವತ್ತೂ ಋಣಿಗಳು.

ಇಂಥ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿ ಎದ್ದು ನಿಂತರೆ ತಾನು ಹೇಗೆ ಮೇಲೆ ಬಂದೆ ಎಂದು ಹೇಳುವುದು ವಾಡಿಕೆ. ಸಮಿತಿಯವರು ನನಗೆ ಬೇರೆ ವಿಷಯ ಕೊಟ್ಟರು. "ಸರ, ನಮ್ಮ ಹುಡುಗರು ಕೆಲಸಕ್ಕ ಸೇರತಾರ, ಆರು ತಿಂಗಳಿಗೆ ಬಿಟ್ಟು ಬರತಾರ. ಕೇಳಿದ್ರ ಏನೂ ಹೇಳೂದಿಲ್ಲ. ಇದರ ಬಗ್ಗೆ ನಾಕು ಮಾತು ಹೇಳ್ರಿ" ಎಂದರು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಕಚೇರಿಗಳಲ್ಲಿ ಕುಳಿತವನು ನಾನು. ಹುಡುಗರು ಹೇಳದೇ ಇರುವುದು ಏನು ಎಂದು ನನಗೆ ಗೊತ್ತು. ನಾನೂ ಒಂದು ವರ್ಷ ಯಾರಿಗೂ ಹೇಳಿರಲಿಲ್ಲ.

1996ರಲ್ಲಿ ಬಡ್ತಿ ಸಿಕ್ಕು ಬೇರೊಂದು ಜಿಲ್ಲೆಯ ಕಚೇರಿಗೆ ಹೋದೆ. ಅಲ್ಲಿ ನನ್ನ ಮೇಲಿನವರು ಒಬ್ಬರಿದ್ದರು. ಅವರು ಒಂದು ದಿನವೂ ನನ್ನನ್ನು ಏರುದನಿಯಲ್ಲಿ ಬೈಯಲಿಲ್ಲ. ಆದರೆ ನಾನು ಬಂದ ಮೊದಲ ವಾರವೇ ನನ್ನ ಊರಿನ ಕಥೆ ಕೇಳಿಕೊಂಡು ನನಗೆ 'ಮುಳುಗಡೆ' ಎಂದು ಹೆಸರಿಟ್ಟರು. "ಮುಳುಗಡೆಯವರು ಬಂದರೇನು?" "ಈ ಕಡತವೂ ಮುಳುಗಿತೇನು?" ಎಲ್ಲರೂ ನಗುತ್ತಿದ್ದರು. ಮೊದಲು ನಾನೂ ನಕ್ಕೆ. ಆಮೇಲೆ ನನ್ನ ಮೇಜಿಗೆ ಬರಬೇಕಾದ ಕಡತ ಎರಡು ದಿನ ಅವರ ಹತ್ತಿರವೇ ಉಳಿಯುತ್ತಿತ್ತು. ಮೂರನೇ ದಿನ ಅಧಿಕಾರಿಗಳ ಎದುರು, "ಇನ್ನೂ ಮುಗಿಸಿಲ್ಲವೇನ್ರಿ?" ಎಂದು ಕೇಳುತ್ತಿದ್ದರು. ಸಭೆಯ ನೋಟಿಸು ಎಲ್ಲರಿಗೂ ಹೋಗುತ್ತಿತ್ತು, ನನಗೆ ಬರುತ್ತಿರಲಿಲ್ಲ. ಒಂದು ಸೋಮವಾರ ಬಂದು ನೋಡಿದರೆ ನನ್ನ ಕುರ್ಚಿ ಇರಲಿಲ್ಲ. ಸಾಯಂಕಾಲದವರೆಗೆ ಕಟ್ಟಿಟ್ಟ ಹಳೆಯ ಕಡತಗಳ ಮೇಲೆ ಕುಳಿತು ಕೆಲಸ ಮಾಡಿದೆ. ಹದಿಮೂರು ಜನ ನೋಡಿದರು, ಒಬ್ಬರೂ ಏನೂ ಅನ್ನಲಿಲ್ಲ.

ಇದರಲ್ಲಿ ಯಾವುದನ್ನು ದೂರು ಎಂದು ಹೇಳಲಿ? ಕುರ್ಚಿ ಇಲ್ಲ ಎಂದೇ? ಅಡ್ಡಹೆಸರು ಇಟ್ಟರು ಎಂದೇ? ಒಂದೊಂದನ್ನೇ ಎತ್ತಿ ಹೇಳಿದರೆ ಎಲ್ಲವೂ ಸಣ್ಣವೇ. ಆದರೆ ನನಗೆ ನಿದ್ದೆ ಹೋಯಿತು. ಊಟ ಸೇರದಾಯಿತು. ಸರಿಯಾಗಿ ಬರೆದ ಟಿಪ್ಪಣಿಯನ್ನು ನಾಲ್ಕು ಸಲ ಓದಿ ಹರಿದು ಮತ್ತೆ ಬರೆಯತೊಡಗಿದೆ. ಮನೆಯಲ್ಲಿ ಸಣ್ಣ ಮಗ ನೀರಿನ ತಂಬಿಗೆ ಉರುಳಿಸಿದ್ದಕ್ಕೆ ಕೈ ಎತ್ತಿದೆ. ಕೊನೆಗೆ ಕೇಳಿದವಳು ನನ್ನ ಹೆಂಡತಿ. "ಐತವಾರ ಸಂಜಿ ಆದ್ರ ನಿಮ್ಮ ಮಾರಿ ಬಾಡತೈತಿ. ಅಲ್ಲಿ ಏನ ನಡದೈತಿ, ಹೇಳ್ರಿ" ಎಂದಳು. ಅಂದು ಹೇಳಿದೆ. ಹೇಳುವಾಗ ಅತ್ತೆ. ಗಂಡಸಾಗಿ ಕುರ್ಚಿಗಾಗಿ ಅತ್ತೆ ಎಂದು ನಾಚಿಕೆಯೂ ಆಯಿತು.

ಬಂಧುಗಳೆ, ಇದಕ್ಕೆ ಮಾನಸಿಕ ಕಿರುಕುಳ ಎಂದು ಹೆಸರು. ಆಗ ನನಗೆ ಆ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಬೇನೆಗೆ ಮದ್ದು ಹುಡುಕುವುದು ಕಷ್ಟ. ಆದ್ದರಿಂದ ಮೊದಲು ಗುರುತಿಸುವುದನ್ನು ಹೇಳುತ್ತೇನೆ.

ಗದರಿಸಿದ್ದೆಲ್ಲ ಕಿರುಕುಳವಲ್ಲ. ತಡವಾಗಿ ಬಂದವನನ್ನು ಕೇಳುವುದು, ತಪ್ಪು ಲೆಕ್ಕವನ್ನು ಮತ್ತೆ ಮಾಡಿಸುವುದು, ಹೆಚ್ಚಿನ ಕೆಲಸವಿದ್ದಾಗ ಒತ್ತಾಯ ಮಾಡುವುದು, ಇವೆಲ್ಲ ಮೇಲಿನವರ ಕರ್ತವ್ಯ. ನಮ್ಮಲ್ಲಿ ಒಂದು ಗಾದೆ ಇದೆ: ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ. ಕಿರುಕುಳ ಕೊಡುವವರು ಈ ಗಾದೆಯ ಹಿಂದೆ ಅಡಗಿಕೊಳ್ಳುತ್ತಾರೆ. "ಅವನ ಒಳ್ಳೇದಕ್ಕ ಬೈದೆ" ಎನ್ನುತ್ತಾರೆ. ಆದರೆ ಗಾದೆಯನ್ನು ಸರಿಯಾಗಿ ಕೇಳಿರಿ. ಅದರಲ್ಲಿ ಬೈಯುವವರು ಏನನ್ನೋ 'ಹೇಳುತ್ತಾರೆ'. ಎಲ್ಲಿ ತಪ್ಪಿದೆ, ಹೇಗೆ ತಿದ್ದಬೇಕು ಎಂದು ಹೇಳುತ್ತಾರೆ. ನನ್ನ ಮೇಲಿನವರು ಒಂದು ವರ್ಷದಲ್ಲಿ ನನಗೆ ಒಂದು ತಪ್ಪನ್ನೂ ತಿದ್ದಿ ಹೇಳಲಿಲ್ಲ. ಕೆಲಸ ತಿದ್ದುವ ಮಾತು ಬೇರೆ, ಮನುಷ್ಯನನ್ನು ಮುರಿಯುವ ಮಾತು ಬೇರೆ. ಮೊದಲನೆಯದು ಕೇಳಿದ ಮೇಲೆ ಏನು ಮಾಡಬೇಕೆಂದು ತಿಳಿಯುತ್ತದೆ. ಎರಡನೆಯದು ಕೇಳಿದ ಮೇಲೆ ತಾನು ಯಾತಕ್ಕೂ ಬಾರದವನು ಎನ್ನುವುದೊಂದೇ ಉಳಿಯುತ್ತದೆ.

ಇದನ್ನು ಮೊದಲು ಕೂಲಂಕಷವಾಗಿ ಅಭ್ಯಾಸ ಮಾಡಿದವರಲ್ಲಿ ಸ್ವೀಡನ್ ದೇಶದಲ್ಲಿದ್ದ ಹೈಂಜ್ ಲೇಮನ್ ಎಂಬ ಮನೋವಿಜ್ಞಾನಿ ಮುಖ್ಯರು. 1980ರ ದಶಕದಲ್ಲಿ ಅವರು ಒಂದು ಅಳತೆ ಹೇಳಿದರು: ಒಬ್ಬನನ್ನೇ ಗುರಿ ಮಾಡಿ, ವಾರಕ್ಕೆ ಒಂದು ಸಲವಾದರೂ, ಆರು ತಿಂಗಳಾದರೂ ನಡೆದರೆ ಅದು ಜಗಳವಲ್ಲ, ಕಿರುಕುಳ. ಈಗ ಅಷ್ಟು ದಿನ ಕಾಯಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರ ಜೂನ್ ತಿಂಗಳಲ್ಲಿ ಒಪ್ಪಿದ 190ನೇ ಒಡಂಬಡಿಕೆಯ ಪ್ರಕಾರ, ಒಂದೇ ಸಲ ನಡೆಯಲಿ, ಪದೇಪದೇ ನಡೆಯಲಿ, ದುಡಿಯುವವರಿಗೆ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ ಮಾಡುವ ನಡವಳಿಕೆ ಕಿರುಕುಳವೇ. ಅಂಥ ಬೆದರಿಕೆಯೂ ಕಿರುಕುಳವೇ. ನಮ್ಮ ದೇಶ ಆ ಒಡಂಬಡಿಕೆಯನ್ನು ಇನ್ನೂ ಅನುಮೋದಿಸಿಲ್ಲ. ಆದರೆ ಯಾವುದು ಕಿರುಕುಳ ಎಂದು ತಿಳಿದುಕೊಳ್ಳುವುದಕ್ಕೆ ಯಾರ ಅನುಮೋದನೆಯೂ ಬೇಕಾಗಿಲ್ಲ.

ಈಗ ನಮ್ಮ ನಾಲ್ಕು ತಾಲೂಕುಗಳನ್ನೇ ನೋಡೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ನಮ್ಮ ಮಕ್ಕಳು ದುಡಿಯುವ ಜಾಗಗಳು ನಮಗೆ ಗೊತ್ತಿರುವವೇ.

ಮಗ್ಗದ ಮನೆಯಲ್ಲಿ ನೇಕಾರ ಮುಂಗಡ ತೆಗೆದುಕೊಂಡಿರುತ್ತಾನೆ. ಮಗಳ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ಅಂದಿನಿಂದ ಅವನು ಏನು ಕೇಳಿದರೂ ಉತ್ತರ ಒಂದೇ: "ಮೊದಲ ರೊಕ್ಕಾ ಇಡು, ಆಮ್ಯಾಲ ಮಾತಾಡು." ಮಾಲಕರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ನೂಲಿನ ಬೆಲೆ ಏರಿ ಸೀರೆಯ ಬೆಲೆ ಇಳಿದಾಗ ಅವರೂ ಸಾಲದಲ್ಲೇ ಇರುತ್ತಾರೆ. ನನ್ನ ಸೋದರಮಾವನಿಗೆ ಅನ್ನ ಕೊಟ್ಟವರೂ ಒಬ್ಬ ಮಾಲಕರೇ. ಆದರೆ ಕೊಟ್ಟ ಸಾಲ ಕೇಳುವುದು ಬೇರೆ, ಆ ಸಾಲವನ್ನೇ ಹಗ್ಗ ಮಾಡಿಕೊಂಡು ಹೆಂಡತಿ ಮಕ್ಕಳ ಎದುರು ಅವಮಾನ ಮಾಡುವುದು ಬೇರೆ.

ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿನ ಕೆಲಸಗಾರನಿಗೆ ಮುಂದಿನ ಹಂಗಾಮಿಗೆ ಕರೆಯುತ್ತಾರೋ ಇಲ್ಲವೋ ಎಂಬ ಭಯ. ಆ ಭಯ ಇರುವವರೆಗೆ ಎದುರು ನಿಂತವರು ಏನು ಅಂದರೂ ನುಂಗುತ್ತಾನೆ. ಬಟ್ಟೆ ಅಂಗಡಿಯಲ್ಲಿ ನಿಂತೇ ದುಡಿಯುವ ಹೆಣ್ಣುಮಕ್ಕಳಿಗೆ ಗಿರಾಕಿ ಇಲ್ಲದಾಗಲೂ ಕೂಡಲು ಬಿಡುವುದಿಲ್ಲ. ಅತಿಥಿ ಶಿಕ್ಷಕರಿಗೆ, ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗರಿಗೆ, "ನಾಳಿಂದ ಬರಬ್ಯಾಡ" ಎಂಬ ಮಾತು ಯಾವಾಗಲೂ ತಲೆಯ ಮೇಲೆ ತೂಗುತ್ತಿರುತ್ತದೆ.

ಇನ್ನೊಂದು ಹೊಸ ಬಗೆ ಇದೆ. ನಮ್ಮ ಅನೇಕ ಹುಡುಗರು ಸಣ್ಣ ಸಾಲ ಕೊಡುವ ಕಂಪನಿಗಳಲ್ಲಿ ವಸೂಲಿ ಕೆಲಸಕ್ಕೆ ಸೇರಿದ್ದಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಮರುದಿನ ಬೆಳಿಗ್ಗೆ ಎಲ್ಲರ ಎದುರು ನಿಲ್ಲಿಸಿ ಮ್ಯಾನೇಜರ್ ಮಾನ ಕಳೆಯುತ್ತಾನೆ. ಆ ಹುಡುಗ ಅದೇ ಸಿಟ್ಟನ್ನು ತೆಗೆದುಕೊಂಡು ಹೋಗಿ ಸಾಲ ಪಡೆದ ತಾಯಂದಿರ ಬಾಗಿಲಲ್ಲಿ ಸುರಿಯುತ್ತಾನೆ. ಸಾಲಗಾರರಿಗೆ ಆಗುವ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯ ಕೆಲಸ. ಆದರೆ ಆ ಹುಡುಗನ ಮೇಲೆ ಬಿದ್ದ ಏಟಿನ ಬಗ್ಗೆ ಯಾರೂ ಕೇಳಲಿಲ್ಲ. ಕಿರುಕುಳ ನೀರಿನ ಹಾಗೆ, ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ತಗ್ಗಿನಲ್ಲಿದ್ದವರ ಮನೆಯೇ ಮೊದಲು ಮುಳುಗುತ್ತದೆ. ಮುಳುಗಡೆಯ ಊರಿನವನಿಗೆ ಇದು ಬೇಗ ತಿಳಿಯುತ್ತದೆ.

ಬಲವಿರುವವರಿಗೆ ಇದು ಆಗುವುದಿಲ್ಲ ಎಂದು ತಿಳಿಯಬೇಡಿ. ಲಾಠಿ ಹಿಡಿದವರಿಗೇ ಆಗಿದೆ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುವುದಾಗಿ ಹೇಳಿದ್ದು ನಿಮಗೆ ನೆನಪಿರಬಹುದು. ಸಂಬಳ ಕಡಿಮೆ, ವಾರದ ರಜೆ ಇಲ್ಲ, ದುಡಿಮೆಗೆ ಹೊತ್ತುಗೊತ್ತಿಲ್ಲ ಎಂಬ ಬೇಡಿಕೆಗಳ ಜೊತೆಗೆ ಮೇಲಧಿಕಾರಿಗಳ ಕಿರುಕುಳ ನಿಲ್ಲಬೇಕು ಎಂಬುದೂ ಇತ್ತು. ಸರ್ಕಾರ ಎಸ್ಮಾ ಜಾರಿ ಮಾಡಿತು, ಸಂಘಟನೆಯ ಮುಖಂಡರ ಬಂಧನವಾಯಿತು, ಆ ದಿನ ಬಹುತೇಕ ಎಲ್ಲರೂ ಕೆಲಸಕ್ಕೆ ಬಂದರು. ಬಳಿಕ ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿ ವೇತನದ ಬಗ್ಗೆ ವರದಿ ಕೊಟ್ಟಿತು. 2019ರಲ್ಲಿ ವೇತನ ಪರಿಷ್ಕರಣೆಯ ಆದೇಶವಾಯಿತು. ಇದರಿಂದ ನಾನು ಕಲಿತದ್ದು ಒಂದು. ಸಂಬಳವನ್ನು ಲೆಕ್ಕ ಹಾಕಬಹುದು, ಆದ್ದರಿಂದ ಸಮಿತಿ ಅದನ್ನು ತಿದ್ದಬಹುದು. ಅವಮಾನದ ಲೆಕ್ಕ ಯಾವ ವಹಿಯಲ್ಲೂ ಇರುವುದಿಲ್ಲ. ಅನುಭವಿಸಿದವರೇ ಬರೆದಿಡಬೇಕು.

ಇನ್ನೊಂದು ಘಟನೆಯನ್ನು ಮನಸ್ಸು ಗಟ್ಟಿ ಮಾಡಿಕೊಂಡು ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡರು. ಮೇಲಿನವರ ಮೌಖಿಕ ಸೂಚನೆಯ ಬಗ್ಗೆ, ತಮ್ಮ ಮೇಲಿನ ಒತ್ತಡದ ಬಗ್ಗೆ ಅವರು ಪತ್ರ ಬರೆದಿಟ್ಟಿದ್ದರು. ಆ ಪತ್ರದಿಂದಲೇ ನಿಗಮದ ಕೋಟ್ಯಂತರ ರೂಪಾಯಿ ಅಕ್ರಮ ವರ್ಗಾವಣೆಯ ಪ್ರಕರಣ ಹೊರಬಿತ್ತು. ಯಾರು ಎಷ್ಟು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಲಿ. ಕಚೇರಿಯಲ್ಲಿ ಕುಳಿತವನಾಗಿ ನನಗೆ ಕಾಡಿದ್ದು ಬೇರೆ. ಆ ಪತ್ರ ಆರು ತಿಂಗಳ ಮೊದಲು, ಬದುಕಿರುವಾಗಲೇ, ಯಾರಾದರೊಬ್ಬರ ಮೇಜಿನ ಮೇಲೆ ಇದ್ದಿದ್ದರೆ? ಅದನ್ನು ಬರೆಯುವ ಧೈರ್ಯವನ್ನು ಪಕ್ಕದಲ್ಲಿ ಕುಳಿತವರು ಕೊಟ್ಟಿದ್ದರೆ? ಸತ್ತ ಮೇಲೆ ಕಾನೂನು ತಾನಾಗಿ ಬಾಗಿಲಿಗೆ ಬರುತ್ತದೆ. ಬದುಕಿರುವಾಗ ಅದನ್ನು ಅರ್ಜಿ ಬರೆದು ಕರೆಯಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಾನು ಮಾಡಿದ್ದನ್ನು, ಮಾಡಬೇಕಿತ್ತು ಎಂದು ಆಮೇಲೆ ಅರಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ಒಬ್ಬರಿಗೆ ಹೇಳಿರಿ. ಹೆಂಡತಿಗೆ, ಗಂಡನಿಗೆ, ಅಣ್ಣನಿಗೆ, ಹಳೆಯ ಗುರುಗಳಿಗೆ. ಒಳಗೇ ಇಟ್ಟುಕೊಂಡರೆ ತಪ್ಪು ನನ್ನದೇ ಇರಬೇಕು ಎನಿಸುತ್ತದೆ. ಹೊರಗೆ ಬಂದ ಕೂಡಲೇ ಅದರ ಆಕಾರ ಕಾಣುತ್ತದೆ. ನಿದ್ದೆ ಕೆಟ್ಟರೆ, ಬದುಕು ಬೇಡವೆನಿಸಿದರೆ ಒಂದು ದಿನವೂ ತಡ ಮಾಡಬೇಡಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವೂ ಇದೆ. ಯಾವ ದಿನ ಬರುತ್ತಾರೆ ಎಂದು ಆಸ್ಪತ್ರೆಯಲ್ಲಿ ಕೇಳಿರಿ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಲು ನಾಚುತ್ತೇವೆಯೇ?

ಎರಡನೆಯದು, ಬರೆದಿಡಿ. ದಿನಾಂಕ, ಹೊತ್ತು, ಜಾಗ, ಯಾರು ಏನೆಂದರು, ಎದುರಿಗೆ ಯಾರಿದ್ದರು. ಅವರು ಆಡಿದ ಮಾತನ್ನೇ ಬರೆಯಿರಿ, ನಿಮ್ಮ ಸಿಟ್ಟನ್ನು ಬರೆಯಬೇಡಿ. ಫೋನಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ. ಬಾಯಿಮಾತಿನ ಆದೇಶ ಬಂದರೆ, "ತಾವು ಇಂದು ಬೆಳಿಗ್ಗೆ ತಿಳಿಸಿದ ಪ್ರಕಾರ" ಎಂದು ಒಂದು ಸಾಲು ಬರೆದು ಕಡತದಲ್ಲಿಟ್ಟು ಅವರ ಸಹಿಗೆ ಮಂಡಿಸಿರಿ. ನಾನು ನೂರು ಪುಟದ ಒಂದು ವಹಿಯಲ್ಲಿ ಎರಡು ತಿಂಗಳು ಬರೆದೆ. ಬರೆಯುತ್ತ ಹೋದಂತೆ ಕೈ ನಡುಗುವುದು ಕಡಿಮೆಯಾಯಿತು.

ಮೂರನೆಯದು, ಒಂದು ಸಲ ನೇರವಾಗಿ, ತಣ್ಣಗೆ ಹೇಳಿರಿ. "ಸರ, ನನ್ನ ಕೆಲಸದಾಗ ತಪ್ಪಿದ್ರ ಹೇಳ್ರಿ, ತಿದ್ದಿಕೊಳ್ತೀನಿ. ನನ್ನ ಊರಿನ ಹೆಸರು ತಗೊಂಡು ಮಾತಾಡಬ್ಯಾಡ್ರಿ." ಅಷ್ಟೇ ಸಾಕು. ಜಗಳ ಬೇಡ. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಒಗೆಯುವುದಂತೂ ಬೇಡವೇ ಬೇಡ.

ನಾಲ್ಕನೆಯದು, ನಿಲ್ಲದಿದ್ದರೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಬಗೆಯ ಮಾನಸಿಕ ಕಿರುಕುಳಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಆದರೆ ಹಿಡಿಯಲು ಹಲವು ಹಗ್ಗಗಳಿವೆ. ಹೆಣ್ಣುಮಕ್ಕಳಿಗೆ ಲೈಂಗಿಕ ಸ್ವರೂಪದ ಮಾತು, ನೋಟ, ಸನ್ನೆಯಿಂದ ತೊಂದರೆಯಾದರೆ 2013ರ ಕಾಯ್ದೆ ಇದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು. ಮನೆಗೆಲಸದವರಿಗೂ ಈ ಹಕ್ಕಿದೆ. ಮೂರು ತಿಂಗಳೊಳಗೆ ದೂರು ಕೊಡಬೇಕೆಂಬುದನ್ನು ಮರೆಯಬೇಡಿ. ಜಾತಿ ಎತ್ತಿ ಅವಮಾನ ಮಾಡಿದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ. ಮುಂಗಡ ಕೊಟ್ಟು, ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೇ ಕಿತ್ತುಕೊಂಡು ಒತ್ತಾಯದಿಂದ ದುಡಿಸಿಕೊಂಡರೆ ಅದು 1976ರ ಕಾಯ್ದೆಯ ಪ್ರಕಾರ ಜೀತ. ತಹಶೀಲ್ದಾರರಿಗೆ, ಜಮಖಂಡಿಯ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಇಪ್ಪತ್ತು ಮತ್ತು ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ನೌಕರಿಯಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಅಥವಾ 15100ಕ್ಕೆ ಫೋನ್ ಮಾಡಿರಿ. ಸರ್ಕಾರಿ ಕಚೇರಿಗೆ ಕೊಟ್ಟ ದೂರು ಏನಾಯಿತು ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ನನ್ನ ಕಥೆ ಏನಾಯಿತು ಎಂದು ಕೇಳುತ್ತೀರಿ. ವಹಿಯಿಂದ ಹನ್ನೊಂದು ಘಟನೆ ಆರಿಸಿ, ಒಂದೂವರೆ ಪುಟದ ಅರ್ಜಿ ಬರೆದು ಅಧಿಕಾರಿಗಳಿಗೆ ಕೊಟ್ಟೆ. ಅವರು ಇಬ್ಬರನ್ನೂ ಕರೆದರು. ಮೇಲಿನವರು ನಕ್ಕು, "ತಮಾಷೆ ಮಾಡಿದ್ದು ಸರ" ಎಂದರು. ಅಧಿಕಾರಿಗಳು ಅರ್ಜಿಯನ್ನು ಅವರ ಮುಂದೆ ಸರಿಸಿ, "ಕುರ್ಚಿ ತೆಗೆದದ್ದೂ ತಮಾಷೆಯೇ?" ಎಂದು ಕೇಳಿದರು. ಅಂದಿನಿಂದ ಕಡತಗಳು ವಹಿಯಲ್ಲಿ ದಾಖಲಾಗಿ ನನಗೆ ಬರತೊಡಗಿದವು. ಅವರು ಕ್ಷಮೆ ಕೇಳಲಿಲ್ಲ. ನನ್ನ ಜೊತೆ ಮಾತು ಬಿಟ್ಟರು. ಕೆಲವು ತಿಂಗಳ ನಂತರ ನನಗೆ ಬೇರೆ ಕಡೆ ವರ್ಗವಾಯಿತು. ದೊಡ್ಡ ಗೆಲುವೇನಲ್ಲ. ಆದರೆ ಭಾನುವಾರದ ಸಂಜೆ ನನಗೆ ಮರಳಿ ಸಿಕ್ಕಿತು, ಮಗನ ಜೊತೆ ಕೂತು ಉಣ್ಣುವ ಹಾಗಾಯಿತು.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಮನೆಗೆ ಹೋಗಬಹುದು. ಆದರೆ ಕಥೆ ಇನ್ನೂ ಇದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂತು, ನಾನು ಅಧೀಕ್ಷಕನಾದೆ. ನನ್ನ ಕೈಕೆಳಗೆ ಒಬ್ಬ ಹುಡುಗ ಬಂದ. ತಂದೆ ಸೇವೆಯಲ್ಲಿದ್ದಾಗಲೇ ತೀರಿಕೊಂಡು, ಅನುಕಂಪದ ಆಧಾರದ ಮೇಲೆ ನೌಕರಿಗೆ ಸೇರಿದವನು. ಲೆಕ್ಕದಲ್ಲಿ ತಪ್ಪುತ್ತಿದ್ದ. ಮಾರ್ಚ್ ಕೊನೆಯ ಒಂದು ದಿನ, ಎಲ್ಲರ ಎದುರು ನನ್ನ ಬಾಯಿಂದ ಒಂದು ಮಾತು ಬಂತು: "ಅಪ್ಪ ಸತ್ತದ್ದಕ್ಕ ಸಿಕ್ಕ ನೌಕರಿ ಇದು, ಕಲ್ತು ಬಂದಿದ್ರ ಗೊತ್ತಾಗ್ತಿತ್ತು."

ಅವನು ಏನೂ ಅನ್ನಲಿಲ್ಲ. ನಾನು ಮರೆತೆ. ಬೇರೆಯವರೂ ಮರೆತರು ಎಂದುಕೊಂಡೆ. ಎರಡು ವಾರ ಕಳೆದ ಮೇಲೆ ನಮ್ಮ ಜವಾನ ಚಹಾ ಇಟ್ಟವನು ಹೋಗಲಿಲ್ಲ, ಅಲ್ಲೇ ನಿಂತ. "ಸರ, ಸಿಟ್ಟಾಗಬ್ಯಾಡ್ರಿ. ಆ ಹುಡುಗ ಬುತ್ತಿ ತಗೊಂಡು ಸೈಕಲ್ ಸ್ಟ್ಯಾಂಡಿನಾಗ ಒಬ್ನೇ ಕುಂತು ಉಣ್ಣಾಕತ್ತಾನ್ರಿ. ಅವತ್ತ ನೀವಂದ ಮಾತು ಭಾಳ ನಟ್ಟೈತ್ರಿ" ಎಂದ. ನನಗೆ ಕೂಡಲೇ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಡತಗಳ ಕಟ್ಟಿನ ಮೇಲೆ ಕುಳಿತ ಒಬ್ಬ ಮನುಷ್ಯ ನೆನಪಾದ.

ಮರುದಿನ ಊಟದ ಹೊತ್ತಿಗೆ ಎಲ್ಲರೂ ಸೇರಿದಾಗ ಅವನನ್ನು ಕರೆದು, "ತಮ್ಮಾ, ಅವತ್ತ ನಾ ಆಡಿದ ಮಾತು ತಪ್ಪು. ನಿಮ್ಮಪ್ಪನ ಹೆಸರು ತಗೀಬಾರದಿತ್ತು" ಎಂದೆ. ಬೈದದ್ದು ಹತ್ತು ಜನರ ಎದುರಾದರೆ, ತಪ್ಪು ಒಪ್ಪಿಕೊಳ್ಳುವುದು ಕೋಣೆಯ ಬಾಗಿಲು ಹಾಕಿಕೊಂಡು ಆಗಬಾರದು. ಆಮೇಲೆ ದಿನಾ ಅರ್ಧ ತಾಸು ಅವನಿಗೆ ಲೆಕ್ಕ ಕಲಿಸಿದೆ. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ.

ಆ ಕಚೇರಿಯಲ್ಲಿ ಪದವೀಧರರು ಏಳು ಜನ ಇದ್ದರು. ನಾವೆಲ್ಲ ದೊಡ್ಡ ದೊಡ್ಡ ಟಿಪ್ಪಣಿ ಬರೆಯುವವರು. ಹೇಳಬೇಕಾದ ಮಾತನ್ನು ಹೇಳಿದವನು ನಾಲ್ಕನೇ ಇಯತ್ತೆ ಕಲಿತ ಜವಾನ. 1996ರಲ್ಲಿ ಆ ಹದಿಮೂರು ಜನರಲ್ಲಿ ಇಂಥವನೊಬ್ಬ ಇದ್ದಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ನಾನು ಇಂದು ಹೇಳಲು ಬಂದ ಮುಖ್ಯ ಮಾತು ಇದೇ. ಕಿರುಕುಳ ಕೊಡುವವನು ಒಬ್ಬ, ಅನುಭವಿಸುವವನು ಒಬ್ಬ. ಅದು ನಡೆಯುತ್ತದೋ ನಿಲ್ಲುತ್ತದೋ ಎಂಬುದು ಸುತ್ತ ನಿಂತ ಹದಿಮೂರು ಜನರ ಕೈಯಲ್ಲಿರುತ್ತದೆ. ಎದ್ದು ಜಗಳ ಮಾಡಬೇಕೆಂದಿಲ್ಲ. ನಗಬೇಡಿ. ಅವನ ಪಕ್ಕ ಹೋಗಿ ಕೂತು ಬುತ್ತಿ ಬಿಚ್ಚಿರಿ. ಸಾಕ್ಷಿ ಕೇಳಿದರೆ ಇದ್ದದ್ದನ್ನು ಹೇಳಿರಿ. ಸಾಧ್ಯವಾದರೆ, ಚಹಾ ಇಟ್ಟು ಒಂದು ನಿಮಿಷ ನಿಲ್ಲಿರಿ.

ಮಕ್ಕಳೆ, ಕೊನೆಗೆ ನಿಮಗೆ ಎರಡು ಮಾತು. ಒಂದು, ಈ ರೋಗದ ಬೀಜ ಕಚೇರಿಯಲ್ಲಿ ಬೀಳುವುದಿಲ್ಲ. ತರಗತಿಯಲ್ಲಿ ಒಬ್ಬನಿಗೆ ಅಡ್ಡಹೆಸರಿಟ್ಟು ಎಲ್ಲರೂ ನಕ್ಕ ದಿನವೇ ಬೀಳುತ್ತದೆ. ನಿಮ್ಮ ವರ್ಗದಲ್ಲಿ ಒಬ್ಬಳು ಒಬ್ಬಳೇ ಕೂತು ಬಿಸಿಯೂಟ ಮಾಡುತ್ತಿದ್ದರೆ ನಾಳೆ ಅವಳ ಪಕ್ಕ ಹೋಗಿ ಕೂಡಿರಿ.

ಎರಡನೆಯದು, ಪತ್ರಲೇಖನ. ನಮ್ಮ ಕನ್ನಡ ಗುರುಗಳು ಪ್ರತಿ ಶನಿವಾರ ಬೆಳಿಗ್ಗೆ ನಮ್ಮಿಂದ ಒಂದು ಅರ್ಜಿ ಬರೆಸುತ್ತಿದ್ದರು. ಇವರಿಂದ, ಇವರಿಗೆ, ದಿನಾಂಕ, ಮಾನ್ಯರೇ, ವಿಷಯ, ಕೆಳಗೆ ಸಹಿ. ದಿನಾಂಕ ಬಿಟ್ಟರೆ ಅಂಗೈ ಮೇಲೆ ಒಂದು ಏಟು. "ವಿಷಯ ಒಂದ ಸಾಲಿನಾಗ ಇರಬೇಕು. ಅಳಬ್ಯಾಡ್ರಿ, ಬೈಬ್ಯಾಡ್ರಿ, ನಡೆದದ್ದು ಬರೀರಿ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಇದೆ ಎಂದು ನಾವು ಉರುಹೊಡೆದೆವು. ಹದಿನಾರು ವರ್ಷಗಳ ನಂತರ, ಬೇರೆ ಜಿಲ್ಲೆಯ ಬಾಡಿಗೆ ಮನೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ ಆ ಅರ್ಜಿ ಬರೆಯಲು ಕುಳಿತಾಗ ನನ್ನ ಕೈ ತಾನಾಗಿ ಮೊದಲು ದಿನಾಂಕ ಹಾಕಿತು. ಅಂದು ಅತ್ತೂ ಇಲ್ಲ, ಬೈದೂ ಇಲ್ಲ, ನಡೆದದ್ದನ್ನು ಬರೆದೆ.

ಆ ಗುರುಗಳು ಇಂದು ನಮ್ಮೊಂದಿಗಿಲ್ಲ. ಅವರು ಕಲಿಸಿದ ಪಾಠದಿಂದ ನನ್ನ ಮಾನ ಉಳಿಯಿತು ಎಂದು ಅವರಿಗೆ ಹೇಳಲು ಆಗಲಿಲ್ಲ. ಅವರು ನಿಂತು ಪಾಠ ಹೇಳಿದ ಈ ಊರಿನಲ್ಲಿ, ಅವರ ಸಹೋದ್ಯೋಗಿಗಳ ಎದುರು, ಇಂದು ಹೇಳುತ್ತಿದ್ದೇನೆ.

ನಮ್ಮ ಶಾಲೆ ನೂರು ವರ್ಷ ಕಾಣಲಿ. ಇಲ್ಲಿಂದ ಹೊರಬೀಳುವ ಮಕ್ಕಳು ತಲೆ ಎತ್ತಿ ದುಡಿಯಲಿ, ಮತ್ತೊಬ್ಬರ ತಲೆ ತಗ್ಗಿಸದೆ ದುಡಿಸಲಿ.